ಇಂಜಿನಿಯರಿಂಗ್ ಓದಿದವರು ವಾಸ್ತುಶಿಲ್ಪಿಗಳಾಗಬಹುದೆ?

ನಮ್ಮ ಕಾಲೇಜಿನಲ್ಲಿ ಓದಿ, ಅನಂತರ ಸಿವಿಲ್ ಇಂಜಿನಿಯರಿಂಗ್ ಪದವಿಯನ್ನು ಪಡೆದ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನನ್ನನ್ನು ಕಾಣಲು ಬಂದಿದ್ದಳು. ತೊಲೆ ಕಂಬಗಳ ಲೆಕ್ಕವನ್ನು ಮಾಡುತ್ತ ಮಾಡುತ್ತ, ಕಟ್ಟಡದ ರೂಪವನ್ನು ತಾನೇ ಕಲ್ಪಿಸಬೇಕೆಂಬ ಹಂಬಲ ಅವಳಲ್ಲಿ ಬೆಳೆದಿತ್ತು. ಅಮೆರಿಕದ ಎರಡು ವಿಶ್ವವಿದ್ಯಾನಿಲಯಗಳ ವಿವರಣ ಪತ್ರಿಕೆಗಳನ್ನು ಮೇಜಿನ ಮೇಲಿಟ್ಟು, “ಸಾರ್, ಎರಡೂ ಎಂ. ಆರ್ಕ್. ಪದವಿಯೇ. ಒಂದಕ್ಕೆ ಎರಡು ವರ್ಷ, ಇನ್ನೊಂದಕ್ಕೆ ಮೂರೂವರೆ ವರ್ಷ. ಎರಡು ವರ್ಷದ್ದಕ್ಕೆ ಸೇರಿದರೆ ಅಷ್ಟು ಹಣ ಉಳಿಯುವುದಲ್ಲವೆ?” ಎಂದು ಕೇಳಿದಳು. ಆ ಪತ್ರಿಕೆಯನ್ನು ಇಬ್ಬರೂ ಕೂಡಿ ಓದಿದೆವು. ಎರಡು ವರ್ಷಗಳ ವ್ಯಾಸಂಗಕ್ಕೆ ಪ್ರವೇಶವಿದ್ದುದು, ಮೊದಲೇ ವಾಸ್ತುಶಿಲ್ಪವನ್ನು ಓದಿ ಪದವಿ ಪಡೆದವರಿಗೆ ಮಾತ್ರ. ಆ ಒಂದು ಸಾಲು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಇಂತಹ ತೊಡಕು ಇನ್ನೂ ಅನೇಕ ತರುಣರಿಗೆ ಎದುರಾಗಬಹುದು. ಆದುದರಿಂದ ವಿಷಯವನ್ನು ಮೊದಲಿನಿಂದ ವಿಚಾರ ಮಾಡೋಣ.

ಎರಡು ವಿದ್ಯೆಗಳ ಭೇದ

ಇಂಜಿನಿಯರನೂ ವಾಸ್ತುಶಿಲ್ಪಿಯೂ ಒಂದೇ ಕಟ್ಟಡಕ್ಕಾಗಿ ದುಡಿಯುವರು. ಹಾಗಾದರೆ ಅವರ ಕೆಲಸದಲ್ಲಿ ಭೇದವೇನು? ಭೌತಶಾಸ್ತ್ರದ ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ಉಪನ್ಯಾಸಕನು ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳ ಕಾಲ ಕೊಠಡಿಯಲ್ಲಿಯೇ ಸುಳಿದಾಡುತ್ತಿದ್ದುದರಿಂದ, ಮಾತಿನ ಮೇಲೆ ಮಾತು ಬಿದ್ದು ಏನೂ ತಿಳಿಯುತ್ತಿರಲಿಲ್ಲ. ಇದನ್ನು ಸರಿಪಡಿಸುವ ಹೊಣೆಯು ವ್ಯಾಲೇಸ್ ಸಬೀನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕನ ಮೇಲೆ ಬಿದ್ದಿತು. ಆತನು ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ, ಬೇರೊಂದು ಸಭಾಂಗಣದಿಂದ ತಂದ ಮೆತ್ತೆಗಳನ್ನು ಹೆಚ್ಚು ಕಡಿಮೆ ಮಾಡುತ್ತ, ಧ್ವನಿ ಅಡಗುವ ಕಾಲವನ್ನು ಅಳೆದನು. ಅದರಿಂದ ದೊರೆತ ಸೂತ್ರವು ಇಂದಿಗೂ ಬಳಕೆಯಲ್ಲಿದೆ. ಕೊಠಡಿಯ ಘನಫಲವನ್ನು 0.161ರಿಂದ ಗುಣಿಸಿ, ಧ್ವನಿಯನ್ನು ಹೀರುವ ಒಟ್ಟು ಸಾಮರ್ಥ್ಯದಿಂದ ಭಾಗಿಸಿದರೆ ಅನುರಣನ ಕಾಲವು ಸೆಕೆಂಡುಗಳಲ್ಲಿ ದೊರೆಯುವುದು. ಧ್ವನಿಯ ಶಕ್ತಿಯು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವೇ ಅನುರಣನ ಕಾಲ.

ನಮ್ಮ ತರಗತಿಯೊಂದನ್ನೇ ತೆಗೆದುಕೊಳ್ಳಿ. ಉದ್ದ 10 ಮೀಟರು, ಅಗಲ 8 ಮೀಟರು, ಎತ್ತರ 3.5 ಮೀಟರು, ಘನಫಲ 280 ಘನಮೀಟರು. ಗಾರೆಯ ಗೋಡೆ, ಕಲ್ಲಿನ ನೆಲ ಇವುಗಳ ಹೀರುವ ಸಾಮರ್ಥ್ಯವು ಒಟ್ಟು 15 ಚದರ ಮೀಟರಿಗೆ ಸಮವೆಂದಿಟ್ಟುಕೊಳ್ಳೋಣ. ಆಗ ಅನುರಣನ ಕಾಲ ಸುಮಾರು 3 ಸೆಕೆಂಡು. ಅರವತ್ತು ಮಂದಿ ವಿದ್ಯಾರ್ಥಿಗಳು ಬಂದು ಕುಳಿತು, ಒಬ್ಬೊಬ್ಬರೂ 0.4ರಂತೆ ಹೀರಿದರೆ, ಸಾಮರ್ಥ್ಯವು 39ಕ್ಕೆ ಏರಿ ಕಾಲವು ಸುಮಾರು 1.2 ಸೆಕೆಂಡಿಗೆ ಇಳಿಯುವುದು. ಬರಿದಾದ ಕೊಠಡಿ ಮೊಳಗುವುದೂ, ತುಂಬಿದ ಕೊಠಡಿಯಲ್ಲಿ ಮಾತು ಸ್ಪಷ್ಟವಾಗುವುದೂ ಇದರಿಂದಲೇ.

ಇಷ್ಟು ಲೆಕ್ಕವನ್ನು ಇಂಜಿನಿಯರಿಂಗ್ ಓದಿದವರು ಕ್ಷಣಮಾತ್ರದಲ್ಲಿ ಮಾಡಬಲ್ಲರು. ಆದರೆ ಛಾವಣಿಯನ್ನು ತಗ್ಗಿಸಿದರೆ ಧ್ವನಿ ಸುಧಾರಿಸೀತು. ಬೇಸಗೆಯ ಸೆಕೆ ಹೆಚ್ಚೀತು. ಕಿಟಕಿಗಳನ್ನು ದೊಡ್ಡದಾಗಿಸಿದರೆ ಗಾಳಿ ಬಂದೀತು. ಬೀದಿಯ ಗದ್ದಲವೂ ಮಳೆಯ ಎರಚಲೂ ಜೊತೆಯಲ್ಲಿಯೇ ಬಂದಾವು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಇದಕ್ಕೆ ಸೂತ್ರವಿಲ್ಲ. ಪ್ರಶ್ನೆಯು ಖಚಿತವಾದ ಮೇಲೆ ಉತ್ತರವನ್ನು ಕಾಣುವುದರಲ್ಲಿ ಇಂಜಿನಿಯರನು ನಿಪುಣ. ಪ್ರಶ್ನೆಯನ್ನೇ ರೂಪಿಸುವುದು ವಾಸ್ತುಶಿಲ್ಪಿಯ ಕೆಲಸ. ಈ ಅನಿಶ್ಚಯದಲ್ಲಿ ತಿಂಗಳುಗಟ್ಟಲೆ ಇರಲು ಯಾರಿಗೆ ಸಂತೋಷವಾಗುವುದೋ ಅವರು ಈ ಹಾದಿಗೆ ತಕ್ಕವರು.

ಹೆಸರು ಒಂದೇ, ಬಾಗಿಲು ಬೇರೆ

ಅಮೆರಿಕದಲ್ಲಿ ವಾಸ್ತುಶಿಲ್ಪದ ಸ್ನಾತಕೋತ್ತರ ವ್ಯಾಸಂಗಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಬೇರೆ ಯಾವುದೇ ವಿಷಯದಲ್ಲಿ ಪದವಿ ಪಡೆದವರಿಗೆ ಮೂರರಿಂದ ಮೂರೂವರೆ ವರ್ಷಗಳ ಎಂ. ಆರ್ಕ್. ವ್ಯಾಸಂಗವಿದೆ, ಇಂಜಿನಿಯರುಗಳ ಬಾಗಿಲು ಇದೇ. ನಾಲ್ಕು ವರ್ಷ ವಾಸ್ತುಶಿಲ್ಪದ ಪೂರ್ವಪದವಿ ಓದಿದವರಿಗೆ ಅದೇ ಪದವಿಯು ಸುಮಾರು ಎರಡು ವರ್ಷಗಳಲ್ಲಿ ದೊರೆಯುವುದು. ಮೂರನೆಯದು, ಐದು ವರ್ಷದ ಬಿ. ಆರ್ಕ್. ಮುಂತಾದ ವೃತ್ತಿಪದವಿಯನ್ನು ಆಗಲೇ ಪಡೆದವರ ಮುಂದಿನ ಅಭ್ಯಾಸಕ್ಕಾಗಿ ಇರುವಂಥದು. ಹಾರ್ವರ್ಡಿನಲ್ಲಿ ಮೂರೂವರೆ ವರ್ಷದ್ದನ್ನು ‘ಎಂ. ಆರ್ಕ್. ಒಂದು’ ಎಂದೂ, ವೃತ್ತಿಪದವೀಧರರದನ್ನು ‘ಎಂ. ಆರ್ಕ್. ಎರಡು’ ಎಂದೂ ಕರೆಯುವರು.

ಎರಡನೆಯದಾಗಿ ನೋಡಬೇಕಾದುದು ಮನ್ನಣೆ. ಅಮೆರಿಕದಲ್ಲಿ ವೃತ್ತಿಪದವಿಗಳನ್ನು ಪರೀಕ್ಷಿಸಿ ಮನ್ನಣೆ ನೀಡುವುದು 1940ರಲ್ಲಿ ಸ್ಥಾಪಿತವಾದ ‘ನಾಬ್’ ಎಂಬ ಮಂಡಲಿ. ಬಹುಪಾಲು ಸಂಸ್ಥಾನಗಳಲ್ಲಿ ವಾಸ್ತುಶಿಲ್ಪಿಯ ಪರವಾನಗಿಗೆ ಹೋಗುವ ನೇರ ದಾರಿಯು ಈ ಮನ್ನಣೆಯುಳ್ಳ ಪದವಿಯಿಂದಲೇ ಆರಂಭವಾಗುವುದು. ಪದವಿಯೊಂದೇ ಸಾಲದು, 3,740 ಗಂಟೆಗಳ ಕಾರ್ಯಾನುಭವವನ್ನು ಪಡೆದು, ಆರು ಭಾಗಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕಟ್ಟಡ ವಿಜ್ಞಾನದಲ್ಲಿ ಎಂ. ಎಸ್. ಪದವಿಯೂ ಉಂಟು. ಬೆಳಕು, ಶಾಖ, ಧ್ವನಿ ಇವುಗಳ ಸಂಶೋಧನೆಗೆ ಅದು ಉತ್ತಮವಾದುದು. ಆದರೆ ಅದರಿಂದ ವಾಸ್ತುಶಿಲ್ಪಿಯಾಗುವ ಅರ್ಹತೆ ಬಾರದು.

ಇನ್ನು ನಮ್ಮ ದೇಶದ ಮಾತು. 1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ, ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಬಳಸಬಹುದು. ಇಲ್ಲಿ ಎಂ. ಆರ್ಕ್. ಸೇರಲು ಸಾಮಾನ್ಯವಾಗಿ ಬಿ. ಆರ್ಕ್. ಇರಲೇಬೇಕು. ಸಿವಿಲ್ ಇಂಜಿನಿಯರುಗಳಿಗೆ ನಗರ ಯೋಜನೆಯ ಎಂ. ಪ್ಲಾನ್. ವ್ಯಾಸಂಗದ ಬಾಗಿಲು ತೆರೆದಿದೆ. ಆದರೆ ಅದು ಬೇರೆಯೇ ವೃತ್ತಿ. ಆದುದರಿಂದ ಹೊರದೇಶದಲ್ಲಿ ಓದಿ ಮರಳಬೇಕೆಂದಿರುವವರು, ತಾವು ಪಡೆಯಲಿರುವ ಪದವಿಯನ್ನು ಪರಿಷತ್ತು ಒಪ್ಪುವುದೋ ಇಲ್ಲವೋ ಎಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳತಕ್ಕದ್ದು. ಹಿಂದಿರುಗಿದ ಮೇಲೆ ಕೇಳಿದರೆ, ಹೋದ ವರ್ಷಗಳನ್ನೂ ತಂದೆತಾಯಿಗಳು ಮಾಡಿದ ಸಾಲವನ್ನೂ ಮರಳಿ ತರುವವರಾರು?

ಶಾಲೆಯನ್ನು ಆರಿಸುವ ಬಗೆ

ವಾಸ್ತುಶಿಲ್ಪ ಶಾಲೆಯ ಹೃದಯವು ಅದರ ಸ್ಟುಡಿಯೊ. ಅಲ್ಲಿ ವಿದ್ಯಾರ್ಥಿಯು ನಕ್ಷೆಗಳನ್ನು ಗೋಡೆಗೆ ತೂಗುಹಾಕಿ, ಅಧ್ಯಾಪಕರ ಎದುರಿಗೆ ನಿಂತು ಸಮರ್ಥಿಸಿಕೊಳ್ಳಬೇಕು. ಪ್ರವೇಶಕ್ಕೂ ಅಂಕಪಟ್ಟಿಯೊಂದೇ ಸಾಲದು. ತನ್ನ ಕೈಯಿಂದಾದ ಕೃತಿಗಳ ಸಂಪುಟವನ್ನು ಕಳುಹಿಸಬೇಕು. ಅದರಲ್ಲಿ ಕಟ್ಟಡದ ನಕ್ಷೆಗಳೇ ಇರಬೇಕೆಂಬ ನಿಯಮವಿಲ್ಲ. ರೇಖಾಚಿತ್ರ, ಛಾಯಾಚಿತ್ರ, ಮರಗೆಲಸ, ಮಣ್ಣಿನ ಮಾದರಿ, ಇಂಜಿನಿಯರಿಂಗ್ ತರಗತಿಯಲ್ಲಿ ಮಾಡಿದ ಸೇತುವೆಯ ಮಾದರಿ, ಯಾವುದಾದರೂ ಆದೀತು. ಕಣ್ಣಿನ ಸೂಕ್ಷ್ಮತೆಯೂ ಕೈಯ ಅಭ್ಯಾಸವೂ ಅದರಲ್ಲಿ ಕಾಣಬೇಕು. ಶಾಲೆಗಳನ್ನು ಹೋಲಿಸುವಾಗ, ಅಲ್ಲಿಯ ವಿದ್ಯಾರ್ಥಿಗಳ ಕೃತಿಗಳನ್ನು ನೋಡಿ. ರಚನಾಶಾಸ್ತ್ರವನ್ನು ಆಗಲೇ ಓದಿದವರಿಗೆ ಆ ಪಾಠಗಳಿಂದ ವಿನಾಯಿತಿ ಉಂಟೆ ಎಂದು ವಿಚಾರಿಸಿ. ಒಟ್ಟು ವೆಚ್ಚವನ್ನು ಎಲ್ಲ ವರ್ಷಗಳಿಗೂ ಸೇರಿಸಿ ಲೆಕ್ಕ ಹಾಕಿ.

ಇಂಜಿನಿಯರಾಗಿಯೇ ಉಳಿದರೆ ವಾಸ್ತುಶಿಲ್ಪದಿಂದ ದೂರವಾದಂತೆಯೂ ಅಲ್ಲ. ಢಾಕಾದಲ್ಲಿ ಜನಿಸಿದ ಫಜ್ಲುರ್ ರಹಮಾನ್ ಖಾನ್ ಕೊನೆಯವರೆಗೂ ಇಂಜಿನಿಯರಾಗಿದ್ದರು. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಮರೊಡನೆ ಕೂಡಿ ಅವರು ನಿರ್ಮಿಸಿದ, ಷಿಕಾಗೊ ನಗರದ ನೂರು ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಕಟ್ಟಡದಲ್ಲಿ (1969), ಗಾಳಿಯ ಒತ್ತಡವನ್ನು ತಡೆಯುವ ಓರೆ ತೊಲೆಗಳೇ ಹೊರಗಿನ ಶೋಭೆಯಾಗಿವೆ. ಸ್ಪೇನ್ ದೇಶದ ಕಲಟ್ರಾವಾ ಮೊದಲು ವಾಸ್ತುಶಿಲ್ಪವನ್ನು ಓದಿ, ಬಳಿಕ ಜ್ಯೂರಿಕ್ ನಗರದಲ್ಲಿ ಇಂಜಿನಿಯರಿಂಗ್ ಕಲಿತು 1981ರಲ್ಲಿ ಡಾಕ್ಟರೇಟ್ ಪಡೆದರು. ಹಾದಿಗಳು ಹಲವು, ಹೊರಡುವ ಮುನ್ನ ಯಾವ ಹಾದಿ ಎಲ್ಲಿಗೆ ಹೋಗುವುದೆಂದು ತಿಳಿದಿರಬೇಕು, ಅಷ್ಟೆ.

ನನ್ನ ವಿದ್ಯಾರ್ಥಿನಿಯು ಎರಡು ವರ್ಷದ ಪತ್ರಿಕೆಯನ್ನು ಅಂದೇ ಬದಿಗಿಟ್ಟಳು. ಮೂರೂವರೆ ವರ್ಷಗಳ ವಿಚಾರವನ್ನು ಮನೆಯಲ್ಲಿ ಮಾತನಾಡಿ ನಿರ್ಧರಿಸುವೆನೆಂದಳು. ಅದುವರೆಗೆ ದಿನಕ್ಕೊಂದು ಗಂಟೆ, ತಾನು ಓಡಾಡುವ ಬೀದಿಯ ಮನೆಗಳನ್ನು ಪೆನ್ಸಿಲಿನಿಂದ ಬರೆಯುತ್ತಿರುವಳು. ಯಾವ ನಿರ್ಧಾರಕ್ಕೆ ಬಂದರೂ ಆ ಅಭ್ಯಾಸವು ನಷ್ಟವಾಗದು.