ಹಳೆಯ ಗಾಡಿ ಎಷ್ಟು ಕುಡಿಯುತ್ತದೆ, ಎಷ್ಟು ದೂರ ಮುಟ್ಟಿಸುತ್ತದೆ?



ದನದ ಡಾಕ್ಟರಿಗೆ ಕಾರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ಮಾರುತಿ 800, ಓಮ್ನಿ, ಜೀಪು, ಸುಮೋ ಇಂದಿಗೂ ಓಡಾಡುತ್ತಿವೆ. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೆ ಹಿಂಡಿ ಮೂಟೆ ತರಲು, ಹಾಲಿನ ಕ್ಯಾನ್ ಸಾಗಿಸಲು, ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಹೈನುಗಾರನ ಮನೆಯಲ್ಲಿ ಅದೇ ಗಾಡಿ ದುಡಿಯುತ್ತಿದೆ. ಅದು ಕುಡಿಯುವ ಪೆಟ್ರೋಲಿನ ಹಣ ಬರುವುದು ಕೊಟ್ಟಿಗೆಯಿಂದ. ಆದ್ದರಿಂದ ಇದು ಹೈನುಗಾರಿಕೆಯ ಲೆಕ್ಕವೇ ಆಗಿದೆ.

ಇನ್ನೊಂದು ಮಾತು. ಅಪರಾತ್ರಿಯಲ್ಲಿ ಕರು ಅಡ್ಡ ಸಿಕ್ಕಿಕೊಂಡಾಗ, ಹೊಟ್ಟೆ ಉಬ್ಬರಿಸಿದಾಗ, ಕರು ಹಾಕಿದ ಹಸು ಹಾಲುಜ್ವರದಿಂದ ನೆಲ ಹಿಡಿದಾಗ ವೈದ್ಯರನ್ನು ಕರೆತರುವುದೂ ಇದೇ ಗಾಡಿ. ಆ ಹೊತ್ತಿನಲ್ಲಿ ಗಾಡಿ ದಾರಿಯಲ್ಲಿ ನಿಂತರೆ ನಷ್ಟ ಪೆಟ್ರೋಲಿನದಲ್ಲ, ಹಸುವಿನದು.

ಪೆಟ್ರೋಲನ್ನು ಹಾಲಿನಿಂದ ಅಳೆಯಿರಿ

ಲೆಕ್ಕ ಸುಲಭವಾಗಲೆಂದು ಪೆಟ್ರೋಲಿಗೆ ಲೀಟರಿಗೆ 105 ರೂಪಾಯಿ, ನಿಮ್ಮ ಹಾಲಿಗೆ ಲೀಟರಿಗೆ 35 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿಮ್ಮ ನಿಜವಾದ ದರವನ್ನು ಸಂಘದ ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಿ. ಈ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲ್ ಎಂದರೆ ಮೂರು ಲೀಟರ್ ಹಾಲು.

ನಿಮ್ಮ ಕಾರು ತಿಂಗಳಿಗೆ 600 ಕಿ.ಮೀ. ಓಡುತ್ತದೆ ಎನ್ನಿ. ಲೀಟರಿಗೆ 12 ಕಿ.ಮೀ. ಕೊಟ್ಟರೆ 50 ಲೀಟರ್ ಪೆಟ್ರೋಲ್ ಬೇಕು, ಅಂದರೆ 150 ಲೀಟರ್ ಹಾಲು. ಅದೇ ಕಾರು 15 ಕಿ.ಮೀ. ಕೊಡುವಂತಾದರೆ 40 ಲೀಟರ್ ಸಾಕು, ಅಂದರೆ 120 ಲೀಟರ್ ಹಾಲು. ತಿಂಗಳಿಗೆ 30 ಲೀಟರ್ ಹಾಲಿನ ಹಣ, 1,050 ರೂಪಾಯಿ, ಮನೆಯಲ್ಲೇ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ತೀರಾ ಕಡಿಮೆ ಮೈಲೇಜ್ ಕೊಡುವ ಗಾಡಿಯನ್ನು ಸರಿಪಡಿಸಿದರೆ ಉಳಿತಾಯ ಹೆಚ್ಚು. ಜೀಪಿನ ಮೈಲೇಜ್ 8ರಿಂದ 10ಕ್ಕೆ ಏರಿದರೆ 600 ಕಿ.ಮೀ.ಗೆ 15 ಲೀಟರ್ ಉಳಿಯುತ್ತದೆ. ಸಣ್ಣ ಕಾರಿನದು 15ರಿಂದ 17ಕ್ಕೆ ಏರಿದರೆ ಉಳಿಯುವುದು 5 ಲೀಟರಿಗಿಂತ ಕಡಿಮೆ. ಎರಡರಲ್ಲೂ ಏರಿಕೆ 2 ಕಿ.ಮೀ.ಯೇ. ಮನೆಯಲ್ಲಿ ಎರಡು ಗಾಡಿ ಇದ್ದರೆ ಮೊದಲು ಹೊಟ್ಟೆಬಾಕ ಗಾಡಿಗೆ ಚಿಕಿತ್ಸೆ ಮಾಡಿಸಿ.

ಅಳತೆ ಮಾಡುವ ಕ್ರಮ

ಹಸು ಎಷ್ಟು ಕರೆಯುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳಬಾರದು, ಅಳೆದು ಬರೆದಿಡಬೇಕು ಎಂದು ನಾವು ಹೇಳುತ್ತಲೇ ಇರುತ್ತೇವೆ. ಗಾಡಿಗೂ ಅದೇ ನಿಯಮ. 200 ರೂಪಾಯಿಗೆ, 300 ರೂಪಾಯಿಗೆ ಹಾಕಿಸುವವರಿಗೆ ಮೈಲೇಜ್ ಎಂದೂ ತಿಳಿಯುವುದಿಲ್ಲ. ಕ್ರಮ ಹೀಗಿದೆ:

1. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ. ಪಂಪು ತಾನಾಗಿ ನಿಂತ ಕೂಡಲೇ ಸಾಕು ಮಾಡಿ. ಮೀಟರಿನ ಅಂಕಿ ಬರೆದುಕೊಳ್ಳಿ. ಉದಾಹರಣೆಗೆ 62,410.
2. ಎಂದಿನಂತೆ 250–300 ಕಿ.ಮೀ. ಓಡಿಸಿ.
3. ಅದೇ ಬಂಕಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ಮೀಟರ್ 62,700 ತೋರಿಸಿ 20 ಲೀಟರ್ ಹಿಡಿದರೆ, 290ನ್ನು 20ರಿಂದ ಭಾಗಿಸಿ. ಮೈಲೇಜ್ 14.5 ಕಿ.ಮೀ.
4. ಒಂದೇ ಸಲದ ಅಳತೆ ನಂಬಬೇಡಿ. ಮೂರು ಸಲದ ಸರಾಸರಿ ತೆಗೆಯಿರಿ.

ಹಳೆಯ ಗಾಡಿಯ ಮೀಟರೇ ತಪ್ಪು ತೋರಿಸುವುದುಂಟು. ಹುಣಸೂರು–ಮೈಸೂರು ರಸ್ತೆಯ ಕಿಲೋಮೀಟರ್ ಕಲ್ಲುಗಳೊಡನೆ ಒಮ್ಮೆ 10 ಕಿ.ಮೀ. ಹೋಲಿಸಿ ನೋಡಿ.

ಎಷ್ಟು ದೂರ ಮುಟ್ಟಿಸುತ್ತದೆ?

ಮಾರುತಿ 800ರ ಟ್ಯಾಂಕು ಸುಮಾರು 28 ಲೀಟರಿನದು. 14.5ರಂತೆ ಗುಣಿಸಿದರೆ 406 ಕಿ.ಮೀ. ಆಗುತ್ತದೆ. ಆದರೆ ಅಷ್ಟನ್ನೂ ಓಡಿಸಬಹುದೆಂದು ಹೊರಡಬೇಡಿ. ಹಳೆಯ ಟ್ಯಾಂಕಿನ ತಳದಲ್ಲಿ ತುಕ್ಕು, ಕಸ, ನೀರು ಕೂತಿರುತ್ತವೆ. ಪೆಟ್ರೋಲ್ ತಳ ಮುಟ್ಟಿದಾಗ ಈ ಕೊಳೆ ಫಿಲ್ಟರಿಗೆ ನುಗ್ಗುತ್ತದೆ. ಎಂ.ಪಿ.ಎಫ್.ಐ. ಗಾಡಿಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇದ್ದು, ಪೆಟ್ರೋಲಿನಿಂದಲೇ ತಂಪಾಗುತ್ತದೆ. ಸದಾ ತಳಮಟ್ಟದಲ್ಲಿ ಓಡಿಸಿದರೆ ಪಂಪು ಬೇಗ ಕೆಡುತ್ತದೆ. ಹಳೆಯ ಡೀಸೆಲ್ ಗಾಡಿಯಲ್ಲಿ ಟ್ಯಾಂಕು ಬರಿದಾದರೆ ಪೈಪಿಗೆ ಗಾಳಿ ಸೇರಿಕೊಳ್ಳುತ್ತದೆ. ಅನಂತರ ಡೀಸೆಲ್ ಸುರಿದರೂ ಆ ಗಾಳಿ ತೆಗೆಯುವವರೆಗೆ ಎಂಜಿನ್ ಏಳುವುದಿಲ್ಲ.

ಆದ್ದರಿಂದ ಕೊನೆಯ 5 ಲೀಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದ 23 ಲೀಟರಿಗೆ ಸುಮಾರು 330 ಕಿ.ಮೀ. ಇದೇ ನಿಮ್ಮ ಗಾಡಿಯ ನಂಬಬಹುದಾದ ಓಟ. ಎಚ್.ಡಿ.ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿ.ಮೀ., ಪಿರಿಯಾಪಟ್ಟಣದಿಂದ ಸುಮಾರು 70 ಕಿ.ಮೀ. ಹೋಗಿ ಬರುವುದು ಎಂದರೆ ಇಮ್ಮಡಿ. ಹಳ್ಳಿಯಿಂದ ಬಂಕಿರುವ ಊರು ದೂರವಿದ್ದು, ರಾತ್ರಿ ಅದು ಮುಚ್ಚುವುದಾದರೆ, ಸಂಜೆಯ ಹೊತ್ತಿಗೆ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇರಬಾರದು. ಕೊಟ್ಟಿಗೆಯಲ್ಲಿ ತುಂಬುಗಬ್ಬದ ಹಸು ಇದ್ದಾಗಲಂತೂ ಅರ್ಧ ಟ್ಯಾಂಕ್ ಇರಲಿ. ಹಳೆಯ ಗಾಡಿಯ ಮುಳ್ಳನ್ನು ಮಾತ್ರ ನಂಬಬೇಡಿ. ತುಂಬಿಸಿದ ಮೇಲೆ ಎಷ್ಟು ಓಡಿದೆ ಎಂಬ ಲೆಕ್ಕವೇ ಹೆಚ್ಚು ಭದ್ರ.

ಸಗಣಿ ನೋಡುವಂತೆ ಹೊಗೆ ನೋಡಿ

ಸಗಣಿಯಲ್ಲಿ ಜೋಳದ ಕಾಳು ಹಾಗೆಯೇ ಬಂದರೆ ತಿಂದದ್ದು ಪೂರ್ತಿ ಮೈಗೆ ಹತ್ತಿಲ್ಲ ಎಂದು ತಿಳಿಯುತ್ತೀರಿ. ಗಾಡಿಯ ಹೊಗೆಯೂ ಹಾಗೆಯೇ. ಕಪ್ಪು ಹೊಗೆ ಎಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ನೀರು ಎಂಜಿನ್ನಿನೊಳಗೆ ಸೋರುತ್ತಿದೆ ಎಂದು ಅನುಮಾನಿಸಿ, ತಡ ಮಾಡದೆ ತೋರಿಸಿ. ಹೊಗೆ ತಪಾಸಣೆಯ ಚೀಟಿಯನ್ನು ಪೊಲೀಸರಿಗಾಗಿ ಮಾತ್ರ ಇಟ್ಟುಕೊಳ್ಳದೆ, ಅದರಲ್ಲಿನ ಅಂಕಿಯನ್ನು ಹಿಂದಿನ ಚೀಟಿಯೊಡನೆ ಹೋಲಿಸಿ. ಏರಿದ್ದರೆ ಎಂಜಿನ್ನಿಗೆ ಅಜೀರ್ಣವೆಂದೇ ಅರ್ಥ.

ಹಳೆಯ ಗಾಡಿಯ ಸಾಮಾನ್ಯ ರೋಗಗಳು

*ಟೈರಿನ ಗಾಳಿ:* ಇದು ಅತಿ ಅಗ್ಗದ ಔಷಧಿ. ಗಾಳಿ ಕಾಲು ಭಾಗ ಕಡಿಮೆಯಾದರೆ ಇಂಧನ ಶೇ. 5ರಿಂದ 10ರಷ್ಟು ಹೆಚ್ಚು ಬೇಕಾಗುತ್ತದೆ ಎಂದು 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ (ಪಿ.ಸಿ.ಆರ್.ಎ.) ತಿಳಿಸುತ್ತದೆ. ಟೈರು ತಣ್ಣಗಿರುವಾಗ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಹಿಂಡಿ ಮೂಟೆ ಹೇರುವ ದಿನ ಹಿಂದಿನ ಟೈರುಗಳ ಕಡೆ ವಿಶೇಷ ಗಮನವಿರಲಿ.

*ಹಿಡಿದುಕೊಂಡ ಬ್ರೇಕು:* ಕೆಸರು, ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಇದು ಸಾಮಾನ್ಯ. ಐದಾರು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ಚಕ್ರಗಳ ಹತ್ತಿರ ಕೈ ಒಯ್ದು ನೋಡಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಬಿಡುತ್ತಿಲ್ಲ. ಮುಟ್ಟಬೇಡಿ, ಸುಡುತ್ತದೆ.

*ಏರ್ ಫಿಲ್ಟರ್:* ಸುಮಾರು 2000ಕ್ಕಿಂತ ಹಿಂದಿನ ಕಾರ್ಬೊರೇಟರ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ನೇರವಾಗಿ ಹೆಚ್ಚು ಹೋಗುತ್ತದೆ. ಎಂ.ಪಿ.ಎಫ್.ಐ. ಕಾರಿನಲ್ಲಿ ಮೈಲೇಜಿಗಿಂತ ಮೊದಲು ಎಳೆತ ಕುಗ್ಗುತ್ತದೆ. ಬೇಸಿಗೆಯ ಧೂಳಿನಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.

*ಕಾರ್ಬೊರೇಟರ್, ಚೋಕ್, ಪ್ಲಗ್:* ಎಂಜಿನ್ ಕಾದ ಮೇಲೂ ಚೋಕ್ ಪೂರ್ತಿ ಒಳಗೆ ಹೋಗದಿದ್ದರೆ ಪೆಟ್ರೋಲ್ ನೀರಿನಂತೆ ಖರ್ಚಾಗುತ್ತದೆ. ಪ್ಲಗ್ ಬಾಯಿ ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಬೀಳುತ್ತಿದೆ ಎಂದರ್ಥ.

*ಥರ್ಮೋಸ್ಟಾಟ್ ವಾಲ್ವ್:* ಎಂಜಿನ್ ಕಾಯುತ್ತದೆ ಎಂದು ಇದನ್ನು ತೆಗೆದೇ ಹಾಕುವ ರೂಢಿ ಗ್ಯಾರೇಜುಗಳಲ್ಲಿದೆ. ಆಗ ಎಂಜಿನ್ ತನ್ನ ಹದದ ಶಾಖಕ್ಕೆ ಬರಲು ಬಹಳ ಹೊತ್ತು ಬೇಕು, ಅಲ್ಲಿಯವರೆಗೆ ಇಂಧನ ಹೆಚ್ಚು ಸುಡುತ್ತದೆ. ಡೈರಿಗೆ, ಅಂಗಡಿಗೆ ಎಂದು ಎರಡು ಮೂರು ಕಿ.ಮೀ. ಓಡಾಡುವ ಗಾಡಿಗೆ ಇದರ ಪೆಟ್ಟು ಹೆಚ್ಚು. ರೇಡಿಯೇಟರ್ ಶುದ್ಧ ಮಾಡಿಸಿ, ವಾಲ್ವ್ ಹಾಕಿಸಿ.

*ಖಾಲಿ ಓಡುವ ಎಂಜಿನ್:* ಹಾಲು ಕೊಡದ ಹಸುವಿಗೂ ಶರೀರ ಪೋಷಣೆಗೆ ಮೇವು ಬೇಕಷ್ಟೆ? ನಿಂತ ಗಾಡಿಯೂ ಹಾಗೆ ತಿನ್ನುತ್ತದೆ. ಸಣ್ಣ ಕಾರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸುಡಬಹುದು. ಡೈರಿಯ ಮುಂದೆ ಸಾಲಿನಲ್ಲಿ ನಿಂತಾಗ ಎಂಜಿನ್ ನಿಲ್ಲಿಸಿ.

ಓಡಿಸುವ ರೀತಿ

ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ, ಎಂಜಿನ್ ತಡವರಿಸದಂತೆ ಮೇಲಿನ ಗೇರಿನಲ್ಲಿ ಓಡಿಸಿದರೆ ಇಂಧನ ಕಡಿಮೆ ಸಾಕು. 80ಕ್ಕೆ ಏರಿಸಿದರೆ ಗಾಳಿಯ ತಡೆ ಬಹಳ ಹೆಚ್ಚುತ್ತದೆ. ಉಪಯೋಗಿಸದ ಕ್ಯಾರಿಯರನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವುದು ಉಳಿತಾಯವಲ್ಲ, ಅಪಾಯ. ಎಂ.ಪಿ.ಎಫ್.ಐ. ಗಾಡಿಯಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಮತ್ತೆ ಹರಿಯುತ್ತದೆ.

ಎಥೆನಾಲ್ ಬೆರೆತ ಪೆಟ್ರೋಲ್

ಈಗ ಬಂಕುಗಳಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಬೆರಕೆಯ ಪ್ರಮಾಣ 2022ರಲ್ಲಿ ಶೇ. 10, 2025ರಲ್ಲಿ ಶೇ. 20 ಮುಟ್ಟಿತು. ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಬೆರಕೆಯಿಲ್ಲದ ಪೆಟ್ರೋಲಿಗಾಗಿ ತಯಾರಾಗಿ ಶೇ. 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 20ರ ಬೆರಕೆಯಿಂದ ಮೈಲೇಜ್ ಶೇ. 6–7ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 15 ಕೊಡುತ್ತಿದ್ದ ಕಾರು 14 ಕೊಟ್ಟರೆ ಮೆಕ್ಯಾನಿಕ್ಕನ್ನು ದೂರಬೇಡಿ. ನಿಮ್ಮ ಓಟದ ಲೆಕ್ಕದಿಂದ ಅಷ್ಟು ಕಳೆದುಕೊಳ್ಳಿ.

ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಸಡಿಲಗೊಳಿಸುತ್ತದೆ. ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಇಳಿಯಬಹುದು. ವಾರಕ್ಕೊಮ್ಮೆಯಾದರೂ ಓಡಿಸಿ. ಪೆಟ್ರೋಲ್ ವಾಸನೆ ಬಂದರೆ ಪೈಪು, ವಾಷರುಗಳನ್ನು ಆ ದಿನವೇ ಬದಲಿಸಿ. ಅದು ಮೈಲೇಜಿನ ಮಾತಲ್ಲ, ಬೆಂಕಿಯ ಮಾತು. ಓಮ್ನಿಗೆ ಅಡುಗೆ ಮನೆಯ ಸಿಲಿಂಡರಿನ ಗ್ಯಾಸ್ ತುಂಬಿಸುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ.

ಹಾಲಿಗೆ ಸಂಬಂಧಿಸಿದ ಒಂದು ಎಚ್ಚರಿಕೆ: ಪೆಟ್ರೋಲ್, ಡೀಸೆಲ್ ಡಬ್ಬವನ್ನು ಹಾಲಿನ ಕ್ಯಾನ್ ಅಥವಾ ಹಿಂಡಿ ಮೂಟೆಯ ಜೊತೆ ಒಂದೇ ಗಾಡಿಯಲ್ಲಿ ಒಯ್ಯಬೇಡಿ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಒಬ್ಬರ ಕ್ಯಾನಿನ ವಾಸನೆಯಿಂದ ಕೂಲರಿನಲ್ಲಿರುವ ಎಲ್ಲರ ಹಾಲೂ ಕೆಡಬಹುದು.

ಇಟ್ಟುಕೊಳ್ಳುವುದೋ, ಮಾರುವುದೋ?

ಮೈಲೇಜಿಗಾಗಿ ಮಾತ್ರ ಸಾಲ ಮಾಡಿ ಹೊಸ ಕಾರು ಕೊಳ್ಳುವುದು ಲಾಭವಲ್ಲ. ನಮ್ಮ ಉದಾಹರಣೆಯಲ್ಲಿ ಉಳಿಯುವುದು ತಿಂಗಳಿಗೆ 1,050 ರೂಪಾಯಿ. ಅದರಿಂದ ಕಾರಿನ ಕಂತು ತೀರುವುದಿಲ್ಲ. ಅದೇ 6,000 ರೂಪಾಯಿ ರಿಪೇರಿಯಿಂದ ಇಷ್ಟು ಉಳಿಯುವುದಾದರೆ ಆರು ತಿಂಗಳಲ್ಲಿ ಹಣ ವಾಪಸಾಗುತ್ತದೆ. ಆದರೆ ಬ್ರೇಕು, ಸ್ಟಿಯರಿಂಗ್, ತಳದ ತಗಡು ಕೆಟ್ಟು, ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣವೂ ಆಗದಂತಿದ್ದರೆ ಮಮತೆ ಬೇಡ. ಬರಡು ಹಸುವನ್ನು ಎಷ್ಟು ದಿನ ಸಾಕುತ್ತೀರಿ?

ಈ ತಿಂಗಳು ಮಾಡಬೇಕಾದ ಕೆಲಸ

1. ಗಾಡಿಗೊಂದು ಚಿಕ್ಕ ಪುಸ್ತಕ ಇಡಿ. ದಿನಾಂಕ, ಮೀಟರ್, ಲೀಟರ್, ರೂಪಾಯಿ ಬರೆಯಿರಿ.
2. ಟೈರಿನ ಗಾಳಿ, ಬ್ರೇಕು, ಏರ್ ಫಿಲ್ಟರ್ ನೋಡಿಸಿ. ಒಂದೊಂದನ್ನೇ ಸರಿಪಡಿಸಿ ಮತ್ತೆ ಅಳೆಯಿರಿ. ಆಗ ಯಾವುದರಿಂದ ಗುಣವಾಯಿತೆಂದು ತಿಳಿಯುತ್ತದೆ.
3. ಪೇಟೆಗೆ ಹೋಗುವ ದಿನವನ್ನು ನೆರೆಯ ಸದಸ್ಯರೊಡನೆ ಮಾತಾಡಿಕೊಳ್ಳಿ. ಮೂರು ಮನೆಯ ಹಿಂಡಿ ಒಂದೇ ಗಾಡಿಯಲ್ಲಿ ಬರಲಿ.
4. ಹಸು ಕರು ಹಾಕುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ದಿನಗಳಲ್ಲಿ ಟ್ಯಾಂಕು ಅರ್ಧಕ್ಕಿಂತ ಇಳಿಯದಂತೆ ನೋಡಿಕೊಳ್ಳಿ.