ಕಬ್ಬಿಣದ ಹರಳು ದಿಕ್ಕನ್ನು ಆರಿಸಿಕೊಳ್ಳುವ ಬಗೆ

ನಮ್ಮ ಬಾಳೆಹೊನ್ನೂರಿನಲ್ಲಿ ಹರಿಯುವ ಭದ್ರಾನದಿಯು ಕುದುರೆಮುಖದ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವುದೆಂಬುದನ್ನು ಇಲ್ಲಿ ಓದಿದವರೆಲ್ಲರೂ ಬಲ್ಲರು. ಆ ಬೆಟ್ಟಗಳಲ್ಲಿ 2005ನೆಯ ಇಸವಿಯ ವರೆಗೆ ಅಗೆಯಲ್ಪಟ್ಟ ಅದಿರಿನಲ್ಲಿ ಅಯಸ್ಕಾಂತವು ಸೆಳೆಯುವ ಕಪ್ಪು ಕಬ್ಬಿಣವಿದ್ದಿತು. ಕಬ್ಬಿಣಕ್ಕೂ ಅಯಸ್ಕಾಂತಶಕ್ತಿಗೂ ಇರುವ ಈ ನಂಟೇ ವಿಜ್ಞಾನಿಗಳನ್ನು ಬಹುಕಾಲ ದಾರಿ ತಪ್ಪಿಸಿತು.

ಕೆಲವು ಪದಾರ್ಥಗಳನ್ನು ಅತಿಯಾಗಿ ತಣಿಸಿದರೆ ಅವುಗಳಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುವುದು. ಇವುಗಳಿಗೆ ಅತಿವಾಹಕಗಳೆಂದು ಹೆಸರು. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸರು ಪಾದರಸದಲ್ಲಿ ಇದನ್ನು ಮೊದಲು ಕಂಡರು. ಅಯಸ್ಕಾಂತಶಕ್ತಿಯು ಅತಿವಾಹಕತೆಗೆ ಶತ್ರುವೆಂದೆಣಿಸಿ, ಕಬ್ಬಿಣದ ಕಡೆಗೆ ನೋಡಿದವರು ವಿರಳ. ಹೀಗಿರಲು 2008ರಲ್ಲಿ ಜಪಾನಿನ ಹೊಸೊನೊರವರ ತಂಡದವರು, ಕಬ್ಬಿಣವೂ ಆರ್ಸೆನಿಕ್ಕೂ ಕೂಡಿದ ಪದಾರ್ಥವೊಂದು ಶೂನ್ಯಕ್ಕಿಂತ 247 ಅಂಶ ಕೆಳಗೆ ಅತಿವಾಹಕವಾಗುವುದೆಂದು ಪ್ರಕಟಿಸಿದರು.

ಇಂತಹ ಹರಳುಗಳಲ್ಲಿ ಮತ್ತೊಂದು ವಿಚಿತ್ರವುಂಟು. ಮೊದಲು ಅವುಗಳ ಪರಮಾಣುಗಳ ಜೋಡಣೆಯು ಚೌಕವಾಗಿದ್ದು, ನೀಳಕ್ಕೂ ಅಡ್ಡಕ್ಕೂ ಗುಣಭೇದವಿರುವುದಿಲ್ಲ. ತಣಿಸುತ್ತ ಹೋದರೆ ಒಂದು ಹಂತದಲ್ಲಿ ಎರಡು ದಿಕ್ಕುಗಳು ಬೇರೆ ಬೇರೆಯಾಗಿ, ವಿದ್ಯುತ್ತು ಒಂದರಲ್ಲಿ ಸುಲಭವಾಗಿಯೂ ಮತ್ತೊಂದರಲ್ಲಿ ಪ್ರಯಾಸದಿಂದಲೂ ಹರಿಯುವುದು. ಇದಕ್ಕೆ ನೆಮ್ಯಾಟಿಕ್ ಸ್ಥಿತಿಯೆಂದು ಹೆಸರು. 1922ರಲ್ಲಿ ಫ್ರಾನ್ಸಿನ ಫ್ರೀಡೆಲರು ದ್ರವಸ್ಫಟಿಕಗಳಿಗೆಂದು ಇಟ್ಟ ಈ ಹೆಸರಿನ ಮೂಲ, ನೂಲೆಂಬರ್ಥದ ಗ್ರೀಕ್ ಶಬ್ದ. ಅಲ್ಲಿ ಕಡ್ಡಿಯಂತಹ ಅಣುಗಳು ದ್ರವದಂತೆ ಹರಿದಾಡುತ್ತಿದ್ದರೂ ಒಂದೇ ಕಡೆಗೆ ಸಾಲುಗೊಂಡಿರುವವು. ಈ ವಿದ್ಯೆಯಲ್ಲಿ ನಮ್ಮ ನಾಡಿಗೂ ಪಾಲುಂಟು: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ್ದ ಎಸ್. ಚಂದ್ರಶೇಖರರು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಸದಾಶಿವ, ಸುರೇಶ್ ಎಂಬವರೊಡನೆ, ಬಿಲ್ಲೆಯಂತಹ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಎಲೆಕ್ಟ್ರಾನುಗಳಾದರೋ ಕಡ್ಡಿಗಳೂ ಅಲ್ಲ, ಬಿಲ್ಲೆಗಳೂ ಅಲ್ಲ; ಹೋಲಿಕೆಯು ದಿಕ್ಕಿನ ಆಯ್ಕೆಯಲ್ಲಿ ಮಾತ್ರ.

ಆದರೆ ಆರಿಸುವವರು ಯಾರು? ಅದೇ ಹಂತದಲ್ಲಿ ಹರಳು ಸಹ ಒಂದು ಕಡೆಗೆ, ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆಯಾಗಿ, ನೀಳವಾಗುವುದು. ಎತ್ತು ಗಾಡಿಯನ್ನೆಳೆಯುವುದು ಸಹಜವಾದರೂ ಘಟ್ಟದ ಇಳಿಜಾರಿನಲ್ಲಿ ಗಾಡಿಯೇ ಎತ್ತನ್ನು ತಳ್ಳುವುದುಂಟಷ್ಟೆ. 2012ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡಿನ ವಿದ್ವಾಂಸರು, ಬೇರಿಯಮ್ ಸೇರಿದ ಇಂತಹ ಹರಳನ್ನು, ವಿದ್ಯುತ್ತಿನಿಂದ ಹಿಗ್ಗುವ ತುಂಡೊಂದಕ್ಕೆ ಅಂಟಿಸಿ ಎಳ್ಳಷ್ಟು ಎಳೆದು, ಎರಡು ದಿಕ್ಕುಗಳ ತಡೆಯನ್ನು ಅಳೆದರು. ಆ ಹಂತವು ಸಮೀಪಿಸಿದಂತೆಲ್ಲ, ಅದೇ ಎಳೆತಕ್ಕೆ ತಡೆಯ ವ್ಯತ್ಯಾಸವು ವಿಪರೀತವಾಗಿ ಬೆಳೆಯಿತು. ಹರಳು ತಾನಾಗಿ ನೀಳವಾಗಿ ಎಲೆಕ್ಟ್ರಾನುಗಳನ್ನು ತಳ್ಳುವುದಾದರೆ ಹೀಗಾಗಲಾರದು. ಆದುದರಿಂದ ಮುಂದಾಳುಗಳು ಎಲೆಕ್ಟ್ರಾನುಗಳೇ.

ಈ ಸ್ಥಿತಿಯು ಅತಿವಾಹಕತೆಗೆ ಸಹಾಯಕವೋ ಎಂಬುದರಲ್ಲಿ ಇನ್ನೂ ಒಮ್ಮತವಿಲ್ಲ. ಕಬ್ಬಿಣ ಮತ್ತು ಸೆಲೆನಿಯಮ್ ಕೂಡಿದ ಹರಳು ಶೂನ್ಯಕ್ಕಿಂತ ಸುಮಾರು 183 ಅಂಶ ಕೆಳಗೆ ದಿಕ್ಕನ್ನು ಆರಿಸಿಕೊಂಡು, ಸುಮಾರು 265 ಅಂಶ ಕೆಳಗೆ ಅತಿವಾಹಕವಾಗುವುದು. ಅದರ ಸೆಲೆನಿಯಮಿನಲ್ಲಿ ನೂರಕ್ಕೆ ಸುಮಾರು 17 ಪಾಲನ್ನು ತೆಗೆದು ಗಂಧಕವನ್ನಿಟ್ಟರೆ ದಿಕ್ಕಿನ ಆಯ್ಕೆಯು ಅಡಗಿಹೋಗುವುದು. ಅತಿವಾಹಕತೆಯಾದರೋ ಆಮೇಲೆಯೂ ಉಳಿದಿರುವುದು.