ಕನ್ನಡ ಬರವಣಿಗೆಗೆ ಕಂಪ್ಯೂಟರನ್ನು ಅಣಿಗೊಳಿಸುವಾಗ
ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಎಲ್ಲಕ್ಕಿಂತ ಮೊದಲು ಯೂನಿಕೋಡನ್ನು, ಅಂದರೆ ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ನೀಡುವ ಶಿಷ್ಟತೆಯನ್ನು, ಆರಿಸಿಕೊಳ್ಳುವುದು ಒಳ್ಳೆಯದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಲಾಗಿದ್ದುದರಿಂದ, ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ, ಪದವನ್ನು ಹುಡುಕಲೂ ಆಗುವುದಿಲ್ಲ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ, ವಿಂಡೋಸ್ ಕೀಲಿ ಮತ್ತು ಸ್ಪೇಸ್‌ಬಾರ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು. ಅಲ್ಲಿ ದೊರೆಯುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಕೈಗೆ ಒಗ್ಗದವರು ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಹಾಕಿಕೊಳ್ಳಬಹುದು; ಅದರಲ್ಲಿ ಎಫ್ ಕೀಲಿಯೇ ವ್ಯಂಜನಗಳನ್ನು ಕೂಡಿಸುವ ಹಲಂತವಾದ್ದರಿಂದ ಒತ್ತಕ್ಷರಗಳು ಬೇಗ ಹಿಡಿತಕ್ಕೆ ಬರುತ್ತವೆ.

ತೊಡಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ರಕಾರದಲ್ಲಿ. ರ, ಹಲಂತ, ಯ ಎಂದು ಸಾಲಾಗಿ ಒತ್ತಿದರೆ ‘ಕಾರ್ಯ’ದಲ್ಲಿರುವಂತೆ ಅರ್ಕಾವತ್ತು ಮೂಡುತ್ತದೆ, ‘ರ‍್ಯಾಂಕ್’ ಎಂಬಲ್ಲಿ ಯಕಾರ ಒತ್ತಾಗಿಯೇ ಉಳಿಯಬೇಕಾದರೆ ರಕಾರದ ಬೆನ್ನಿಗೇ, ಹಲಂತಕ್ಕೆ ಮೊದಲು, ಶೂನ್ಯಾಗಲ ಜೋಡಕ ಎಂಬ ಕಣ್ಣಿಗೆ ಕಾಣದ ಸಂಕೇತವನ್ನು ಸೇರಿಸಬೇಕು. ಇದನ್ನು ಆರಂಭದಲ್ಲೇ ಕಲಿತವರಿಗೆ ಕರಡು ತಿದ್ದುವ ಶ್ರಮ ಎಷ್ಟೋ ತಗ್ಗುತ್ತದೆ.

ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತರುವಾಗ ಮೂಲಪ್ರತಿಯನ್ನು ಅಳಿಸಬಾರದು. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ತಂತ್ರಾಂಶವು ಕನ್ನಡವೆಂದೇ ಬಗೆದು ಕೆಡಿಸಿಬಿಡುವುದರಿಂದ, ಅಂಥ ಸಾಲುಗಳನ್ನು ಮೂಲದೊಡನೆ ಹೋಲಿಸಿ ಕೈಯಿಂದಲೇ ಸರಿಪಡಿಸಬೇಕು.